ಟ್ರಕ್ಕಿನ ಮೇಲಿನ ಮನೆಗೆ ನೀರು ಹೊಕ್ಕಾಗ

ಅಮೇರಿಕೆಯಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ, ಆರು ತಿಂಗಳಿದ್ದು, ಮರಳಿ ಬರುವ ತಂದೆ-ತಾಯಿಗಳು ನಮ್ಮ ಸಮಾಜದಲ್ಲಿ ಈಗ ಊರೂರಿಗೂ ಸಿಗುತ್ತಾರೆ. ಅಂಥವರಲ್ಲಿ ನಾನೂ ಒಬ್ಬ. ಆದರೆ ಜಲಪಾತಗಳ, ಗಗನಚುಂಬಿ ಕಟ್ಟಡಗಳ ವರ್ಣನೆಯನ್ನು ಓದುಗ ಬಂಧುಗಳು ಸಾಕಷ್ಟು ಓದಿರುವುದರಿಂದ ಆ ಗೋಜಿಗೆ ನಾನು ಹೋಗುವುದಿಲ್ಲ. ಸೂಜಿಯ ಮೊನೆಯಷ್ಟು ಬಿರುಕಿನಲ್ಲಿ ಇಳಿದ ಮಳೆನೀರು ಒಂದು ಸಂಸಾರದ ಉಳಿತಾಯಕ್ಕೆ ಹೇಗೆ ಕುತ್ತು ತಂದಿತು, ಅದನ್ನು ಸರಿಪಡಿಸಿಕೊಳ್ಳಲು ಎಷ್ಟು ಬಾಗಿಲು ತಟ್ಟಬೇಕಾಯಿತು ಎಂಬುದನ್ನಷ್ಟೇ ಹೇಳುತ್ತೇನೆ. ಅಲ್ಲಿ ಮಕ್ಕಳಿರುವವರಿಗೆ ಇದು ಉಪಯೋಗಕ್ಕೆ ಬಂದೀತು.

ನನ್ನ ಮಗಳು, ಅಳಿಯ ಆರೆಗಾನ್ ರಾಜ್ಯದಲ್ಲಿದ್ದಾರೆ. 2021ರ ಬೇಸಿಗೆಯಲ್ಲಿ ಅವರು ಒಂದು 'ಟ್ರಕ್ ಕ್ಯಾಂಪರ್' ಕೊಂಡರು. ಇದು ಪಿಕಪ್ ಟ್ರಕ್ಕಿನ ಹಿಂಬದಿಯ ತೆರೆದ ತೊಟ್ಟಿಯಲ್ಲಿ ಕೂಡಿಸುವ ಪುಟ್ಟ ಮನೆ. ನಾಲ್ಕು ಮೂಲೆಗಳಲ್ಲಿ ಜಾಕ್‌ಗಳಿದ್ದು, ಅವುಗಳ ಮೇಲೆ ಮನೆಯನ್ನು ಎತ್ತಿ ನಿಲ್ಲಿಸಿ, ಟ್ರಕ್ಕನ್ನು ಅಡಿಯಿಂದ ಹೊರಗೆ ತೆಗೆಯಬಹುದು. ಒಳಗೆ ಒಲೆ, ನೀರಿನ ತೊಟ್ಟಿ, ಊಟದ ಮೇಜು. ಚಾಲಕನ ತಲೆಯ ಮೇಲೆ ಮುಂಚಾಚಿದ ಭಾಗದಲ್ಲಿ ಮಲಗುವ ಹಾಸಿಗೆ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಇಂಥದೊಂದು ವಾಹನದಲ್ಲಿ ತನ್ನ ನಾಯಿಯೊಡನೆ ಅಮೇರಿಕೆಯನ್ನು ಸುತ್ತಿ, 1962ರಲ್ಲಿ ಆ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದ. ನಮ್ಮ ಮಕ್ಕಳ ಆಕರ್ಷಣೆಗೆ ಕಾರಣ ಬೇರೆ: ಹೋದಲ್ಲೆಲ್ಲ ಸ್ವಂತ ಅಡಿಗೆ, ಸಸ್ಯಾಹಾರದ ಚಿಂತೆಯಿಲ್ಲ. 594 ಮೀಟರ್ ಆಳದ ಕ್ರೇಟರ್ ಸರೋವರದ ಪ್ರಾಂತದಲ್ಲಿ ಕುಳಿತು ಜೋಳದ ರೊಟ್ಟಿ ತಿಂದ ಸುಖವನ್ನು ನಾನೂ ಉಂಡಿದ್ದೇನೆ.

2022ರ ನವೆಂಬರ್ ತಿಂಗಳು. ಆರೆಗಾನಿನ ಪಶ್ಚಿಮ ಭಾಗದಲ್ಲಿ ಆ ದಿನಗಳಲ್ಲಿ ಮಳೆ ಬಿಡುವುದೇ ಅಪರೂಪ. ಕ್ಯಾಂಪರಿನ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಎಲ್ಲಿಯೂ ನೀರು ಕಾಣಿಸಲಿಲ್ಲ. ಹಾಸಿಗೆಯನ್ನು ಎತ್ತಿ ಮೂಲೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದಲ್ಲಿ ಅದು ಒಳಗೆ ತಗ್ಗಿತು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದವನಿಗೆ ಆ ಮೆತ್ತನೆಯ ಅರ್ಥ ತಿಳಿಯಲು ಹೊತ್ತು ಬೇಕಾಗಲಿಲ್ಲ. "ಒಳಗಿನ ಕಟ್ಟಿಗೆ ನೆಂದಿದೆಯಮ್ಮ," ಎಂದೆ. "ಇನ್ನೂ ಸಾಲದ ಕಂತು ಮುಗಿದಿಲ್ಲವಲ್ಲ, ಅಪ್ಪಾಜಿ," ಎಂದು ಮಗಳು ಅಲ್ಲಿಯೇ ಕುಳಿತುಬಿಟ್ಟಳು. ಮೊಮ್ಮಗಳು ಅದೇ ಮೂಲೆಗೆ ತಲೆಯಿಟ್ಟು ಮಲಗುತ್ತಿದ್ದಳು. ಹಿಂದಿನ ಪ್ರವಾಸದಿಂದ ಬಂದ ಮೇಲೆ ಹದಿನೈದು ದಿನ ಅವಳ ಕೆಮ್ಮು ನಿಂತಿರಲಿಲ್ಲ. ಅದಕ್ಕೆ ಇದೇ ಕಾರಣವೆಂದು ಹೇಳಲಾರೆ. ಆದರೆ ತಾಯಿಯಾದವಳ ಮನಸ್ಸು ಆ ಕಡೆಗೇ ಓಡುವುದು ಸಹಜ.

ಇಂಥ ಮನೆಗಳಲ್ಲಿ ಹೆಚ್ಚಿನವುಗಳಿಗೆ ಕಟ್ಟಿಗೆಯ ಇಲ್ಲವೆ ಅಲ್ಯೂಮಿನಿಯಂ ಚೌಕಟ್ಟು; ಅದರ ಮೇಲೆ ತೆಳು ಪ್ಲೈವುಡ್, ಹೊರಗೆ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ತಗಡು, ಛಾವಣಿಗೆ ರಬ್ಬರಿನಂಥ ಹೊದಿಕೆ. ಮೇಲಿನ ಗಾಳಿಗಂಡಿ, ಫ್ರಿಜ್ಜಿನ ಹೊಗೆಗಂಡಿ, ಕಿಟಕಿ, ಆಂಟೆನಾ, ಸಾಲು ದೀಪಗಳು, ಜಾಕ್ ಜೋಡಿಸಿದ ಬೋಲ್ಟ್‌ಗಳು, ಇವೆಲ್ಲವಕ್ಕೂ ಗೋಡೆ-ಛಾವಣಿಗಳನ್ನು ಕೊರೆದೇ ಇರುತ್ತಾರೆ. ಪ್ರತಿ ರಂಧ್ರವನ್ನೂ ಕಾಯುವುದು ಅಂಟು ಮಾತ್ರ. ನೆಲದ ಮೇಲಿನ ಮನೆ ಅಲುಗುವುದಿಲ್ಲ. ಈ ಮನೆಯಾದರೋ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ತಗ್ಗು-ದಿಬ್ಬಗಳಲ್ಲಿ ಮೈ ತಿರುಚಿಕೊಳ್ಳುತ್ತದೆ. ಬಿಸಿಲಿಗೆ ಅಂಟು ಒಣಗುತ್ತದೆ, ಅಲುಗಾಟಕ್ಕೆ ಸೀಳುತ್ತದೆ. ಓಡುವಾಗ ಗಾಳಿ-ಮಳೆಯ ಹೊಡೆತವನ್ನು ಎದುರಿಸುವ ಮುಂಚಾಚಿನ ಮೂಗೇ ಎಲ್ಲಕ್ಕಿಂತ ದುರ್ಬಲವಾದ ಜಾಗ. ಎರಡು ಅಚ್ಚಿನ ಚಿಪ್ಪುಗಳನ್ನು ಜೋಡಿಸಿ ಮಾಡಿದ ಪೂರ್ಣ ಫೈಬರ್‌ಗ್ಲಾಸಿನ ಕ್ಯಾಂಪರುಗಳಲ್ಲಿ ಸಂದುಗಳು ಕಡಿಮೆ. ಆದರೂ ಕಿಟಕಿ, ಗಾಳಿಗಂಡಿಗಳು ಅವಕ್ಕೂ ಇದ್ದೇ ಇವೆ.

ನೀರು ಹೊಕ್ಕ ಜಾಗ ಒಂದು, ಕಲೆ ಮೂಡುವ ಜಾಗ ಇನ್ನೊಂದು. ಒಳಬಂದ ಹನಿ ಚೌಕಟ್ಟಿನಗುಂಟ ಹರಿದು, ಎಲ್ಲಿಯೋ ತಂಗಿ, ತಿಂಗಳುಗಟ್ಟಲೆ ಕಟ್ಟಿಗೆಯನ್ನು ನೆನೆಸುತ್ತದೆ. ಕಟ್ಟಿಗೆಯ ತೇವ ನೂರಕ್ಕೆ 20ರ ಒಳಗಿದ್ದರೆ ಕೊಳೆಯುವ ಭಯ ಕಡಿಮೆ. ಅದನ್ನು ದಾಟಿ ಏರುತ್ತ ಹೋದಂತೆ ಶಿಲೀಂಧ್ರಕ್ಕೆ ದಾರಿ ತೆರೆಯುತ್ತದೆ. ಅಂಗೈಯಲ್ಲಿ ಹಿಡಿಯುವ ತೇವಮಾಪಕ ಅಲ್ಲಿ ಹೆಚ್ಚು ಬೆಲೆಯದಲ್ಲ. ಹಳೆಯ ಕ್ಯಾಂಪರನ್ನು ಕೊಳ್ಳುವವರು ಬಣ್ಣ, ಗಾದಿಗಳನ್ನು ನೋಡುವುದಕ್ಕಿಂತ ಮುಂಚೆ ಮೂಲೆಗಳಿಗೆ ಅದನ್ನು ಹಿಡಿಯಬೇಕು. ಹೊರಗೋಡೆ ಗುಳ್ಳೆಯೆದ್ದಂತೆ ಉಬ್ಬಿದ್ದರೆ ಪದರುಗಳು ಬಿಟ್ಟಿವೆಯೆಂದೇ ತಿಳಿದು ಹಿಂದೆ ಸರಿಯುವುದು ಲೇಸು.

ನಮ್ಮ ಕಡೆ ಮುಂಗಾರಿಗೆ ಮುನ್ನ ಮಾಳಿಗೆಯ ಮೇಲೆ ಹತ್ತಿ, ಬಿರುಕುಗಳನ್ನು ನೋಡಿ, ಮಣ್ಣು ಹಾಕಿ ಬಡಿಯುವುದು ಹಿರಿಯರ ರೂಢಿಯಾಗಿತ್ತು. ಇಲ್ಲಿಯೂ ಕೆಲಸ ಅದೇ. ವರ್ಷಕ್ಕೆ ಎರಡು ಸಲವಾದರೂ ಛಾವಣಿಯನ್ನು ತೊಳೆದು, ಪ್ರತಿ ಅಂಚಿನ ಅಂಟನ್ನು ಬೆರಳಾಡಿಸಿ ನೋಡಬೇಕು. ಛಾವಣಿಯ ಸಮತಲಕ್ಕೆ ತಾನೇ ಹರಡಿಕೊಳ್ಳುವ ಸೀಲಂಟ್. ಕಿಟಕಿ, ಮೂಲೆಪಟ್ಟಿಗಳ ಅಡಿಗೆ ಬ್ಯೂಟೈಲ್ ಟೇಪು. ಸಿಲಿಕೋನ್ ಅಂಟನ್ನು ಕಂಡಕಂಡಲ್ಲಿ ಬಳಿಯುವವರಿದ್ದಾರೆ. ಇದು ತಪ್ಪು. ಒಮ್ಮೆ ಸಿಲಿಕೋನ್ ಬಳಿದಲ್ಲಿ ಮುಂದೆ ಬೇರೆ ಯಾವ ಅಂಟೂ ಸರಿಯಾಗಿ ಕೂಡುವುದಿಲ್ಲ. ಹಳೆಯ ಬಿರುಕಿನ ಮೇಲೆ ಹೊಸದನ್ನು ಮೆತ್ತುವುದೂ ಕಣ್ಣೊರೆಸುವ ಕೆಲಸ. ಹಳೆಯದನ್ನು ಕೆರೆದು, ಒರೆಸಿ, ಒಣಗಿಸಿದ ಮೇಲೆಯೇ ಹಾಕಬೇಕು. ರಬ್ಬರ್ ಛಾವಣಿಗೆ ಪೆಟ್ರೋಲಿಯಂ ದ್ರಾವಕಗಳನ್ನು ತಾಗಿಸಬಾರದು.

ಎಲ್ಲ ತೇವವೂ ಮಳೆಯದಲ್ಲ. ಪುಟ್ಟ ಕೋಣೆಯಲ್ಲಿ ನಾಲ್ವರ ಉಸಿರು, ಕುದಿಯುವ ಸಾರು, ಪ್ರೋಪೇನ್ ಅನಿಲ ಉರಿದಾಗ ಹುಟ್ಟುವ ನೀರಾವಿ, ಎಲ್ಲವೂ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತವೆ. ಚಳಿಯೆಂದು ಎಲ್ಲವನ್ನೂ ಮುಚ್ಚಿ ಮಲಗದೆ ಗಾಳಿಗಂಡಿಯನ್ನು ಬೆರಳಗಲ ತೆರೆದಿಡಬೇಕು. ಹಾಸಿಗೆಯ ಅಡಿಯಲ್ಲಿ ಗಾಳಿಯಾಡುವಂತೆ ಪಟ್ಟಿಗಳನ್ನಿಡಬೇಕು. ಇನ್ನು ಹಿಮದ ಕಾಲ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗಿ ಕೊಳವೆಗಳನ್ನು ಒಡೆಯುತ್ತದೆ. ಆದ್ದರಿಂದ ತೊಟ್ಟಿ, ಕೊಳವೆ, ಬಿಸಿನೀರಿನ ಪಾತ್ರೆಗಳನ್ನು ಬರಿದುಮಾಡಿ, ಇಂಥ ವಾಹನಗಳಿಗೆಂದೇ ಮಾರುವ, ಪ್ರೋಪಿಲಿನ್ ಗ್ಲೈಕಾಲಿನ ಗುಲಾಬಿ ಬಣ್ಣದ ದ್ರವವನ್ನು ಕೊಳವೆಗಳಿಗೆ ತುಂಬುತ್ತಾರೆ. ಕಾರಿನ ಎಂಜಿನ್ನಿಗೆ ಹಾಕುವ ಎಥಿಲಿನ್ ಗ್ಲೈಕಾಲ್ ವಿಷ. ಅದನ್ನು ಮರೆತೂ ಬಳಸಬಾರದು.

ಈಗ ಅಂಗಡಿಯವರ ಮಾತಿಗೆ ಬರೋಣ. ಕ್ಯಾಂಪರಿಗೆ ವಾರಂಟಿ ಇತ್ತು. ಮಾರಿದ ಡೀಲರ್ ಎರಡು ಗಂಟೆಯ ದಾರಿಯಲ್ಲಿದ್ದ. ಮಾರುವಾಗ ಮಗುವಿಗೆ ಆಟಿಕೆ ಕೊಟ್ಟು ಬೀಳ್ಕೊಟ್ಟಿದ್ದವರು ಈಗ "ಸರ್ವೀಸ್ ಮ್ಯಾನೇಜರ್ ನಿಮಗೆ ಫೋನ್ ಮಾಡುತ್ತಾರೆ" ಎಂದರು. ಆ ಫೋನು ಬರಲಿಲ್ಲ. ಕೊನೆಗೆ ಕ್ಯಾಂಪರನ್ನು ಒಯ್ದು ಬಿಟ್ಟುಬಂದರೆ ಹನ್ನೊಂದು ವಾರ ಬಯಲಿನಲ್ಲಿಯೇ ಮಳೆಗೆ ನಿಲ್ಲಿಸಿದರು. ಆಮೇಲೆ ಬಂದ ಉತ್ತರ: "ಇದು ನಿಮ್ಮ ಉಸಿರಿನ ತೇವ. ವಾರಂಟಿಗೆ ಸೇರದು." ತಯಾರಕರಿಗೆ ಬರೆದರೆ ಡೀಲರಿನತ್ತ ಬೆರಳು, ಡೀಲರಿಗೆ ಕೇಳಿದರೆ ತಯಾರಕರತ್ತ ಬೆರಳು. ಅಳಿಯಂದಿರು ಮೃದು ಸ್ವಭಾವದವರು. "ಹೋಗಲಿ ಬಿಡಿ ಮಾವ, ನಾವೇ ದುಡ್ಡು ಹಾಕಿ ಮಾಡಿಸೋಣ," ಎಂದರು. ರಿಪೇರಿಯ ಅಂದಾಜು 6,800 ಡಾಲರ್! ನನಗೆ ಒಪ್ಪಿಗೆಯಾಗಲಿಲ್ಲ. ಸೌಜನ್ಯ ಬೇರೆ, ಸುಮ್ಮನಿರುವುದು ಬೇರೆ.

ತಯಾರಕರು ಮುಂದೊಡ್ಡಿದ ಕಟ್ಟಳೆ ಇನ್ನೊಂದಿತ್ತು: ಮಾಲೀಕರು 90 ದಿನಕ್ಕೊಮ್ಮೆ ಅಂಟುಗಳನ್ನು ಪರೀಕ್ಷಿಸಬೇಕು, ಅದಕ್ಕೆ ದಾಖಲೆ ಎಲ್ಲಿ? ಕೈಪಿಡಿಯಲ್ಲಿ ಇದು ಅಚ್ಚಾಗಿದ್ದುದು ನಿಜ, ನಮ್ಮವರು ಓದದೆ ಇದ್ದುದೂ ನಿಜ. ಇಲ್ಲಿ ತಪ್ಪು ನಮ್ಮದೂ ಇತ್ತೆಂದು ಒಪ್ಪಲೇಬೇಕು. ಆದರೆ ಮಗಳು ಛಾವಣಿ ತೊಳೆದಾಗಲೆಲ್ಲ ತೆಗೆದ ಚಿತ್ರಗಳು ಫೋನಿನಲ್ಲಿ ತಾರೀಖಿನ ಸಹಿತ ಉಳಿದಿದ್ದವು. ಅವೇ ನಮ್ಮ ಕೈಹಿಡಿದವು.

ಸ್ವತಂತ್ರ ಪರೀಕ್ಷಕನೊಬ್ಬನನ್ನು 400 ಡಾಲರ್ ಕೊಟ್ಟು ಕರೆಸಿದೆವು. ಆತ ಗಾಳಿಗಂಡಿಗೆ ಒಂದು ಬ್ಲೋವರ್ ಜೋಡಿಸಿ, ಒಳಗೆ ಗಾಳಿಯ ಒತ್ತಡ ತುಂಬಿ, ಹೊರಗಿನ ಸಂದುಗಳಿಗೆಲ್ಲ ಸಾಬೂನು ನೀರು ಸಿಂಪಡಿಸಿದ. ಸೈಕಲ್ ಟ್ಯೂಬಿನ ಪಂಕ್ಚರನ್ನು ನೀರಿನಲ್ಲಿ ಹುಡುಕುವ ಕ್ರಮವೇ! ಮುಂಚಾಚಿನ ನಡುದೀಪದ ಸುತ್ತ, ಎಡಮೂಲೆಯ ಪಟ್ಟಿಯಗುಂಟ ಗುಳ್ಳೆಗಳು ಸಾಲಾಗಿ ಎದ್ದವು. ಉಸಿರಿನ ತೇವದ ವಾದ ಅಲ್ಲಿಗೆ ಮುಗಿಯಿತು.

ಆ ದೇಶದಲ್ಲಿ ಗ್ರಾಹಕನಿಗೆ ಆಸರೆಯಾಗಿ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆ 1975ರಿಂದ ಇದೆ. ಬರವಣಿಗೆಯಲ್ಲಿ ವಾರಂಟಿ ಕೊಟ್ಟವರು ವಸ್ತುವಿನ ಸಹಜ ಯೋಗ್ಯತೆಯ ಹೊಣೆಯನ್ನು ಪೂರ್ಣವಾಗಿ ಕೈಬಿಡುವಂತಿಲ್ಲ. ಕೊಳ್ಳುವ ಮುನ್ನವೇ ವಾರಂಟಿಯ ಒಕ್ಕಣೆಯನ್ನು ಓದಲು ಕೇಳುವ ಹಕ್ಕು ಗ್ರಾಹಕನಿಗಿದೆ. ಆದರೆ ಕೆಟ್ಟ ಕಾರುಗಳಿಗೆ ಅನ್ವಯಿಸುವ 'ಲೆಮನ್ ಲಾ' ಎಂಬ ರಾಜ್ಯ ಕಾನೂನುಗಳನ್ನು ನಂಬಿ ಕೂಡಬಾರದು. ಎಂಜಿನ್ನಿಲ್ಲದ ಈ ಮನೆ ಅನೇಕ ಕಡೆ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಫ್ರಿಜ್ಜು, ಹೀಟರುಗಳ ವಾರಂಟಿ ಬೇರೆ ಬೇರೆ ಕಂಪನಿಗಳದು ಎಂಬುದೂ ನೆನಪಿರಲಿ.

ನಾನೂ ಅಳಿಯಂದಿರೂ ಕುಳಿತು ಒಂದೇ ಪುಟದ ಪತ್ರ ಬರೆದೆವು. ಕೊಂಡ ದಿನ, ದೋಷ ಕಂಡ ದಿನ, ಫೋನು ಮಾಡಿದ ದಿನಗಳು, ಮಾತಾಡಿದವರ ಹೆಸರು, ಪರೀಕ್ಷಕನ ವರದಿ, ನಮ್ಮ ಬೇಡಿಕೆ, ಉತ್ತರಕ್ಕೆ 30 ದಿನಗಳ ಗಡುವು. ಒಂದು ಕಟುಶಬ್ದವನ್ನೂ ಸೇರಿಸಲಿಲ್ಲ. ಡೀಲರಿಗೂ ತಯಾರಕರಿಗೂ ಸ್ವೀಕೃತಿ ಸಹಿ ಬರುವ ಅಂಚೆಯಲ್ಲಿ ಕಳಿಸಿ, ರಾಜ್ಯದ ನ್ಯಾಯ ಇಲಾಖೆಯ ಗ್ರಾಹಕ ವಿಭಾಗಕ್ಕೆ ಪ್ರತಿ ಹೋಗಿರುವುದನ್ನು ಕೆಳಗೆ ನಮೂದಿಸಿದೆವು. ವಕೀಲರಿಲ್ಲದೆ ವಾದಿಸಬಹುದಾದ ಸಣ್ಣ ದಾವೆಗಳ ನ್ಯಾಯಾಲಯವೂ ಅಲ್ಲಿದೆ. ಆರೆಗಾನಿನಲ್ಲಿ ಅದರ ಮಿತಿ 10,000 ಡಾಲರ್. ಅದರ ಅರ್ಜಿಯನ್ನೂ ತುಂಬಿಟ್ಟುಕೊಂಡಿದ್ದೆವು.

ಅದನ್ನು ಸಲ್ಲಿಸುವ ಪ್ರಸಂಗ ಬರಲಿಲ್ಲ. ಇಪ್ಪತ್ತಾರನೆಯ ದಿನ ತಯಾರಕರಿಂದ ಫೋನು ಬಂತು. ಸಾಮಗ್ರಿಯ ಪೂರ್ಣ ವೆಚ್ಚ, ಕೂಲಿಯ ಮುಕ್ಕಾಲು ಭಾಗ ಅವರದು. ಉಳಿದ ಕೂಲಿ, ಹೊಸ ಹಾಸಿಗೆ, ಪರೀಕ್ಷಕನ ಶುಲ್ಕ ನಮ್ಮದು. ನಾನು ಇನ್ನಷ್ಟು ಹಟ ಹಿಡಿಯಬೇಕೆಂದೆ. ಮಗಳು ಬೇಡವೆಂದಳು, ಬೇಸಿಗೆಯ ರಜೆ ಹತ್ತಿರ ಬಂದಿತ್ತು. ಡೀಲರಿನಿಂದ ಇಂದಿನವರೆಗೂ ಒಂದು ಸಾಲಿನ ಉತ್ತರವಿಲ್ಲ.

ಆ ಕ್ಯಾಂಪರಿನ ಬಾಗಿಲ ಹಿಂದೆ ಈಗ ದಾರ ಕಟ್ಟಿದ ಒಂದು ನೋಟ್‌ಪುಸ್ತಕ ತೂಗುತ್ತಿದೆ. ಛಾವಣಿ ನೋಡಿದ ತಾರೀಖುಗಳನ್ನು ಅದರಲ್ಲಿ ಬರೆಯುವ ಕೆಲಸ ಮೊಮ್ಮಗಳದು. ಕಳೆದ ಸಲ ಫೋನಿನಲ್ಲಿ ಅವಳು ತೇವಮಾಪಕದ ಅಂಕಿಗಳನ್ನು ಓದಿ ಹೇಳಿದಳು: ಎಡಮೂಲೆ 11, ಬಲಮೂಲೆ 12.