ಅಡಿಕೆಯ ದ್ವೀಪದಿಂದ ಸಿಂಹಪುರದವರೆಗೆ

ದೇಶಾಟನದಿಂದ ಬುದ್ಧಿಯು ವಿಕಾಸಗೊಳ್ಳುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆದರೆ ಪರದೇಶಕ್ಕೆ ಹೋದವರಲ್ಲಿ ಬಹುಮಂದಿ ಉನ್ನತವಾದ ಸೌಧಗಳನ್ನೂ ವಿಶಾಲವಾದ ಬಂದರುಗಳನ್ನೂ ನೋಡಿ, ಅವುಗಳ ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುವರು. ಅವೂ ನೋಡತಕ್ಕವೇ ಸರಿ. ಆದರೆ ಮಲಕ್ಕಾ ಜಲಸಂಧಿಯ ತೀರದಲ್ಲಿರುವ ಪಿನಾಂಗ್, ಮಲಕ್ಕಾ, ಸಿಂಗಪುರಗಳೆಂಬ ಮೂರು ನಗರಗಳಲ್ಲಿ ಈಚೆಗೆ ಸಂಚರಿಸಿದಾಗ, ಸೌಧಗಳಿಗಿಂತ ಬೀದಿಯ ಫಲಕಗಳೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುವು. ಮಲಯಭಾಷೆಯನ್ನು ಈಗ ರೋಮನ್ ಲಿಪಿಯಲ್ಲಿ ಬರೆಯುವುದರಿಂದ, ಇಂಗ್ಲಿಷ್ ಅಕ್ಷರಗಳನ್ನು ಬಲ್ಲವರು ಯಾರಾದರೂ ಅವನ್ನು ಓದಬಹುದು. ಓದುತ್ತ ಹೋದಂತೆ ಪರಿಚಿತವಾದ ಶಬ್ದಗಳು ಹೆಜ್ಜೆಹೆಜ್ಜೆಗೂ ಎದುರಾಗುವುವು.

ಮೊದಲನೆಯ ಆಶ್ಚರ್ಯವು ಪಿನಾಂಗ್ ಎಂಬ ಹೆಸರಿನಲ್ಲಿಯೇ ಇರುವುದು. ಮಲಯಭಾಷೆಯಲ್ಲಿ ‘ಪಿನಾಂಗ್’ ಎಂದರೆ ಅಡಿಕೆ. ‘ಪುಲಾವ್ ಪಿನಾಂಗ್’ ಎಂದರೆ ಅಡಿಕೆಯ ದ್ವೀಪ. ೧೭೮೬ರಲ್ಲಿ ಫ್ರಾನ್ಸಿಸ್ ಲೈಟ್ ಎಂಬ ಆಂಗ್ಲನು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಸೇರಿಸಿ, ತನ್ನ ದೇಶದ ಯುವರಾಜನ ಹೆಸರನ್ನು ಅದಕ್ಕೆ ಇಟ್ಟನು. ಆ ಹೆಸರು ಅಳಿದುಹೋಯಿತು; ಅಡಿಕೆಯು ಉಳಿಯಿತು. ಕನ್ಯೆಯನ್ನು ಕೇಳಲು ಹೋಗುವುದಕ್ಕೆ ಮಲಯರು ‘ಮೆಮಿನಾಂಗ್’ ಎನ್ನುವರು. ಅದೂ ಅಡಿಕೆಯಿಂದಲೇ ಹುಟ್ಟಿದ ಮಾತು. ತಾಂಬೂಲವಿಲ್ಲದೆ ಯಾವ ಶುಭಕಾರ್ಯವನ್ನೂ ಆರಂಭಿಸದ ನಮ್ಮ ಗೃಹಿಣಿಯರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಬೀದಿಗಿಳಿದರೆ ಅಂಗಡಿಗಳಲ್ಲಿ ಬೆಲೆಯನ್ನು ‘ಹರ್ಗ’ ಎಂದು ಬರೆದಿರುವರು. ಅದು ಸಂಸ್ಕೃತದ ‘ಅರ್ಘ’. ಬೆಲೆಕಟ್ಟಲಾಗದ ರತ್ನವನ್ನು ನಾವು ‘ಅನರ್ಘ್ಯ’ ಎನ್ನುವುದಿಲ್ಲವೇ? ವಿದ್ಯುತ್ತಿನ ಪೆಟ್ಟಿಗೆಗಳ ಮೇಲೆ ಅಪಾಯಸೂಚಕವಾಗಿ ‘ಬಹಾಯ’ ಎಂದು ಬರೆದಿದೆ. ಅದು ನಮ್ಮ ‘ಭಯ’ವೇ. ಗಂಡನು ‘ಸುವಾಮಿ’, ಹೆಂಡತಿಯು ‘ಇಸ್ತೆರಿ’. ತಲೆಗೆ ‘ಕೆಪಾಲ’ ಎನ್ನುವರು. ‘ಕಪಾಲ’ವೆಂದರೆ ತಲೆಯೋಡೆಂದು ಬಲ್ಲವನಿಗೆ ಮೊದಲ ಸಲ ಕೇಳಿದಾಗ ತುಸು ಎದೆ ನಡುಗುವುದು! ಪಾಠಶಾಲೆಯ ಉಪಾಧ್ಯಾಯನು ‘ಗುರು’. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನು ‘ಗುರು ಬೆಸಾರ್’, ಎಂದರೆ ದೊಡ್ಡ ಗುರು. ಜೀವಮಾನವನ್ನೆಲ್ಲ ಪಾಠಶಾಲೆಯಲ್ಲಿ ಕಳೆದ ನನಗೆ ಆ ಫಲಕವನ್ನು ಓದಿ ಎಷ್ಟು ಸಂತೋಷವಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ಇಷ್ಟನ್ನು ಕಂಡೊಡನೆ ‘ಇದೆಲ್ಲವೂ ನಮ್ಮದೇ’ ಎಂದು ಬೀಗುವವರುಂಟು. ಆ ಹೆಮ್ಮೆಯನ್ನು ಸ್ವಲ್ಪ ತಡೆದುಕೊಳ್ಳುವುದು ಒಳ್ಳೆಯದು. ಮಲೇಷಿಯಾದಲ್ಲಿ ಪ್ರತಿ ವರ್ಷವೂ ಮೇ ೧೬ರಂದು ‘ಹರಿ ಗುರು’ ಎಂಬ ದಿನವನ್ನು ಆಚರಿಸುವರು. ದಾಸರ ಪದಗಳನ್ನು ಕೇಳಿ ಬೆಳೆದ ನಮಗೆ ‘ಹರಿ’ಯೆಂದೊಡನೆ ವಿಷ್ಣುವಿನ ಸ್ಮರಣೆಯಾಗುವುದು ಸಹಜ. ಆದರೆ ಅಲ್ಲಿ ‘ಹರಿ’ ಎಂದರೆ ದಿನ. ಅದು ಅಚ್ಚ ಮಲಯ ಶಬ್ದ. ‘ಹರಿ ಗುರು’ವೆಂದರೆ ಉಪಾಧ್ಯಾಯರ ದಿನವಷ್ಟೆ. ಹೀಗೆ ಒಂದೇ ಮಾತಿನಲ್ಲಿ ಅರ್ಧವು ನಮ್ಮಿಂದ ಹೋದುದು, ಅರ್ಧವು ಅವರದು. ಇನ್ನೊಂದು ಉದಾಹರಣೆ: ‘ಉಪವಾಸ’ವು ಅಲ್ಲಿ ‘ಪುವಾಸ’ವಾಗಿದೆ. ಮುಸಲ್ಮಾನರಾದ ಮಲಯರು ರಂಜಾನ್ ತಿಂಗಳ ವ್ರತವನ್ನು ಅದೇ ಶಬ್ದದಿಂದ ಕರೆಯುವರು. ಶಬ್ದವು ಅವರ ಭಕ್ತಿಯನ್ನು ಕುಂದಿಲ್ಲದೆ ಹೊರುತ್ತದೆ. ಪರಭಾಷೆಗೆ ಹೋದ ಮಾತು ಮದುವೆಯಾಗಿ ಹೋದ ಮಗಳಂತೆ. ತೌರಿನವರಿಗೆ ಅವಳಲ್ಲಿ ವಾತ್ಸಲ್ಯವಿರಬಹುದು, ಅಧಿಕಾರವಿಲ್ಲ.

ಈ ಶಬ್ದಗಳು ಅಲ್ಲಿಗೆ ಹೋದುದು ಹೇಗೆ? ಪಿನಾಂಗಿನ ಎದುರು ದಡದಲ್ಲಿ ೧೮೩೪ರಲ್ಲಿ ಜೇಮ್ಸ್ ಲೋ ಎಂಬ ಸೇನಾಧಿಕಾರಿಗೆ ಒಂದು ಶಿಲಾಫಲಕವು ದೊರೆಯಿತು. ಅದರಲ್ಲಿ ರಕ್ತಮೃತ್ತಿಕಾ, ಎಂದರೆ ಕೆಮ್ಮಣ್ಣಿನ ನಾಡಿನ ನಿವಾಸಿಯಾದ ಬುದ್ಧಗುಪ್ತನೆಂಬ ‘ಮಹಾನಾವಿಕ’ನ ಹೆಸರಿದೆ. ಸುಮಾರು ಐದನೆಯ ಶತಮಾನದ ಆ ಸಂಸ್ಕೃತ ಲೇಖನವು ಯಾವ ರಾಜನ ವಿಜಯವನ್ನೂ ಹೊಗಳುವುದಿಲ್ಲ. ಯಾತ್ರೆಯು ಸಿದ್ಧಿಸಲೆಂದು ಮಾತ್ರ ಹಾರೈಸುವುದು. ಈಗ ಅದು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದೆ. ನೈರುತ್ಯದ ಮಾರುತದೊಡನೆ ಹಡಗುಗಳು ನಮ್ಮ ದೇಶದಿಂದ ಹೊರಡುತ್ತಿದ್ದುವು. ಹಿಂದಿರುಗಲು ಈಶಾನ್ಯದ ಮಾರುತವನ್ನು ಕಾಯಬೇಕಾಗಿತ್ತು. ಕಾಯುವ ತಿಂಗಳುಗಳಲ್ಲಿ ವರ್ತಕರು ಅಲ್ಲಿಯೇ ನೆಲಸಿದರು. ಕೆಲವರು ಸಂಸಾರವನ್ನೂ ಹೂಡಿದರು.

ಅಂತಹ ಸಂಸಾರಗಳ ಸಂತತಿಯನ್ನು ಮಲಕ್ಕಾದಲ್ಲಿ ಇಂದಿಗೂ ಕಾಣಬಹುದು. ‘ಮಲಕ್ಕಾ ಚೆಟ್ಟಿ’ಗಳೆಂಬ ಆ ಜನರು ತಮಿಳು ವರ್ತಕರಿಗೂ ಆ ನಾಡಿನ ಸ್ತ್ರೀಯರಿಗೂ ಹುಟ್ಟಿದವರ ವಂಶಜರು. ಅವರು ಪೂಜಿಸುವುದು ಶಿವನನ್ನೂ ಮಾರಿಯಮ್ಮನನ್ನೂ. ಮನೆಯಲ್ಲಿ ಆಡುವುದು ಮಲಯಭಾಷೆಯನ್ನು. ಅವರು ೧೭೮೧ರಲ್ಲಿ ಕಟ್ಟಿದ ವಿನಾಯಕನ ಗುಡಿಯ ಸಮೀಪದಲ್ಲಿಯೇ ಹಳೆಯ ಮಸೀದಿಯೊಂದೂ ಚೀನರ ದೇವಾಲಯವೊಂದೂ ಇವೆ. ಮೂರನ್ನೂ ನೋಡಲು ಕೆಲವು ನಿಮಿಷಗಳ ನಡಿಗೆ ಸಾಕು.

ಆದರೆ ಎಲ್ಲ ಮಾತುಗಳೂ ವ್ಯಾಪಾರದ ಸ್ನೇಹದಿಂದ ಬಂದುವಲ್ಲ. ೧೫೧೦ರಲ್ಲಿ ಗೋವೆಯನ್ನು ಗೆದ್ದ ಆಲ್ಬುಕರ್ಕನು ಮರುವರ್ಷವೇ ಮಲಕ್ಕಾವನ್ನು ಫಿರಂಗಿಗಳಿಂದ ಹಿಡಿದನು. ಅವನ ಕೋಟೆಯಲ್ಲಿ ಇಂದು ಒಂದು ಹೆಬ್ಬಾಗಿಲು ಮಾತ್ರ ಎದ್ದು ನಿಂತಿದೆ. ಆದರೆ ಮಲಯರು ಕ್ರೈಸ್ತರ ಪ್ರಾರ್ಥನಾಮಂದಿರಕ್ಕೆ ‘ಗೆರೆಜ’ ಎನ್ನುವರು. ನಮ್ಮ ಮಂಗಳೂರಿನ ಕಡೆಯವರ ‘ಇಗರ್ಜಿ’ಯೂ ಅದೇ ಪೋರ್ಚುಗೀಸ್ ಮಾತು. ನಮ್ಮ ‘ಪಾದ್ರಿ’ ಅಲ್ಲಿ ‘ಪಾದೆರಿ’. ನಮ್ಮ ಮನೆಯ ‘ಅಲ್ಮಾರಿ’ ಅಲ್ಲಿಯೂ ‘ಅಲ್ಮಾರಿ’ಯೇ. ನಾವು ಕೊಟ್ಟುದನ್ನಷ್ಟೇ ಎಣಿಸುವವರು ನಾವೂ ಅವರೂ ಒಂದೇ ಹಡಗಿನಿಂದ ಪಡೆದುದನ್ನೂ ಎಣಿಸತಕ್ಕದ್ದು.

೧೯೬೫ರಿಂದ ಪ್ರತ್ಯೇಕ ರಾಷ್ಟ್ರವಾಗಿರುವ ಸಿಂಗಪುರವು ‘ಸಿಂಹಪುರ’. ಅಲ್ಲಿಯ ಕಾಡಿನಲ್ಲಿ ಹುಲಿಗಳಿದ್ದುವು, ಸಿಂಹಗಳಿರಲಿಲ್ಲ. ಆದರೂ ರಾಜಕುಮಾರನೊಬ್ಬನು ಅಲ್ಲಿ ಸಿಂಹವನ್ನು ಕಂಡನೆಂದು ಮಲಯರ ಪುರಾತನ ಕಥೆಯು ಹೇಳುವುದು. ಆ ನಗರದ ನದೀಮುಖದಲ್ಲಿ ಲಿಪಿಯನ್ನು ಕೆತ್ತಿದ್ದ ಬೃಹತ್ತಾದ ಬಂಡೆಯೊಂದಿತ್ತು. ೧೮೪೩ರಲ್ಲಿ ಆಂಗ್ಲರು ಅದನ್ನು ಮದ್ದಿಟ್ಟು ಸಿಡಿಸಿದರು. ಮೇಲೆ ಹೇಳಿದ ಜೇಮ್ಸ್ ಲೋ ಕೆಲವು ತುಂಡುಗಳನ್ನು ಉಳಿಸಿ ಕಲ್ಕತ್ತೆಗೆ ಕಳುಹಿಸಿದನು. ಒಂದು ತುಂಡು ಈಗ ಸಿಂಗಪುರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿನ ಬರಹವನ್ನು ಇದುವರೆಗೆ ಯಾರೂ ನಿಶ್ಚಿತವಾಗಿ ಓದಲಾರದೆ ಹೋಗಿರುವರು.

ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆನು. ಚಿರಕಾಲವಿರಲೆಂದು ಬಂಡೆಯಲ್ಲಿ ಕೊರೆದ ಮಾತು ಮೂಕವಾಗಿದೆ. ಯಾವನೋ ನಾವಿಕನು ಸಂತೆಯಲ್ಲಿ ಬೆಲೆ ಕೇಳುತ್ತ ಆಡಿದ ಮಾತು ಇಂದಿಗೂ ತರಕಾರಿಯ ಬುಟ್ಟಿಯ ಮೇಲೆ ಜೀವಂತವಾಗಿದೆ. ಆ ದೇಶಗಳಿಗೆ ಹೋಗುವ ಯೋಗವಿರುವ ವಾಚಕರು ಸೌಧಗಳನ್ನು ನೋಡಿದ ಮೇಲೆ ಒಂದು ಮುಂಜಾನೆಯನ್ನು ಸಂತೆಗೆ ಮೀಸಲಿಡಲಿ. ಫಲಕಗಳನ್ನು ಓದಲಿ, ಜನರ ಮಾತಿಗೆ ಕಿವಿಗೊಡಲಿ. ಅದಕ್ಕೆ ಪ್ರವೇಶಧನವಿಲ್ಲ.