ಪೂರ್ವಜರ ಪ್ರತಿಜ್ಞೆಯೂ ಬಿಡುಗಡೆಯ ಬೆಲೆಯೂ

ಚಿತ್ರಕಾರರು ಕೃತಿಯ ಅಂಚಿನಲ್ಲಿ ಹೆಸರು, ವರ್ಷ ಬರೆಯುವುದು ವಾಡಿಕೆ. 1822ರಲ್ಲಿ ಪ್ಯಾರಿಸ್ಸಿನಲ್ಲಿ 'ಪೂರ್ವಜರ ಪ್ರತಿಜ್ಞೆ' ಎಂಬ ಬೃಹತ್ ತೈಲಚಿತ್ರವನ್ನು ಮುಗಿಸಿದ ಗಿಯೋಮ್ ಲೆತಿಯೇರ್ ತನ್ನ ಸಹಿಯೊಡನೆ ಇನ್ನೊಂದು ವಿವರವನ್ನೂ ಸೇರಿಸಿದ: ತಾನು 1760ರಲ್ಲಿ ಗ್ವಾಡೆಲೂಪ್‌ನಲ್ಲಿ ಹುಟ್ಟಿದವನು.

ಗ್ವಾಡೆಲೂಪ್ ಕೆರಿಬಿಯನ್ ಸಮುದ್ರದಲ್ಲಿದ್ದ ಫ್ರೆಂಚ್ ವಸಾಹತು. ಗುಲಾಮರು ಕಬ್ಬು ಬೆಳೆದ ದ್ವೀಪ. ಲೆತಿಯೇರನ ತಂದೆ ಬಿಳಿಯ. ತಾಯಿ ಗುಲಾಮಗಿರಿಯ ಹಿನ್ನೆಲೆಯ ಮಿಶ್ರವರ್ಣದ ಹೆಣ್ಣು. ತಂದೆ ಆತನನ್ನು ಕಾನೂನುಬದ್ಧವಾಗಿ ಮಗನೆಂದು ಒಪ್ಪಿಕೊಂಡದ್ದು 1799ರಲ್ಲಿ, ಮಗನಿಗೆ ನಲವತ್ತು ಸಮೀಪಿಸಿದಾಗ. ಅಷ್ಟರಲ್ಲಿ ಆತ ಫ್ರಾನ್ಸಿನಲ್ಲಿ ಹೆಸರು ಮಾಡಿದ್ದ. ಮುಂದೆ ರೋಮ್‌ನಲ್ಲಿದ್ದ ಫ್ರೆಂಚ್ ಅಕಾಡೆಮಿಯ ನಿರ್ದೇಶಕನಾದ, ಪ್ಯಾರಿಸ್ಸಿನ ಕಲಾಶಾಲೆಯ ಪ್ರಾಧ್ಯಾಪಕನಾದ. ಗುಲಾಮಗಿರಿಯನ್ನು 1802ರಲ್ಲಿ ಮರಳಿ ಜಾರಿಗೆ ತಂದ ನೆಪೋಲಿಯನ್ನನ ಕುಟುಂಬವೇ ಆತನ ಆಶ್ರಯದಾತ. ಹೀಗೆ ಎಲ್ಲವನ್ನೂ ಗಳಿಸಿದ ಮನುಷ್ಯ ಅರವತ್ತು ದಾಟಿದ ಮೇಲೆ ಯಾರೂ ಕೇಳದ ಹುಟ್ಟೂರಿನ ವಿವರವನ್ನು ತಾನಾಗಿಯೇ ಬರೆದಿಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಚಿತ್ರದಲ್ಲಿ ಸಮವಸ್ತ್ರ ಧರಿಸಿದ ಇಬ್ಬರು ಸೇನಾನಿಗಳಿದ್ದಾರೆ. ಒಬ್ಬ ಮಿಶ್ರವರ್ಣದ ಅಲೆಕ್ಸಾಂಡರ್ ಪೆತಿಯೋನ್, ಇನ್ನೊಬ್ಬ ಕಪ್ಪು ವರ್ಣದ ಜಾನ್-ಜಾಕ್ ದೆಸಲೀನ್. ಇಬ್ಬರೂ ಶಿಲಾಫಲಕವೊಂದರ ಬಳಿ ಪ್ರತಿಜ್ಞೆ ಸ್ವೀಕರಿಸುತ್ತಿದ್ದಾರೆ. ಒಗ್ಗಟ್ಟೇ ಬಲವೆಂಬುದು ಫಲಕದ ಮೇಲಿನ ಸಾರ. ಕಾಲಡಿಯಲ್ಲಿ ಮುರಿದ ಸಂಕೋಲೆಗಳು. ಮೇಲೆ ಮೋಡಗಳ ನಡುವೆ ಆಶೀರ್ವದಿಸುವ ದೇವರು. ಆ ದೇವರು ಬಿಳಿಗಡ್ಡದ ಯುರೋಪಿಯನ್ ಮುದುಕನೇ ಆಗಿರುವುದು ಇಂದಿನ ಕಣ್ಣಿಗೆ ಕಸಿವಿಸಿ ಉಂಟುಮಾಡಿದರೆ ಆಶ್ಚರ್ಯವಿಲ್ಲ.

ಇತಿಹಾಸ ಇಷ್ಟು ಸರಳವಾಗಿರಲಿಲ್ಲ. 1791ರಲ್ಲಿ ಬಂಡೆದ್ದ ಗುಲಾಮರು ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಹೈಟಿಯನ್ನು ಸ್ವತಂತ್ರವೆಂದು ಸಾರಿದರು. ಆದರೆ 1806ರಲ್ಲಿ ದೆಸಲೀನ್ ಹತ್ಯೆಗೀಡಾದ. ಆ ಸಂಚಿನಲ್ಲಿ ಇದೇ ಪೆತಿಯೋನ್ ಭಾಗಿಯಾಗಿದ್ದ. ಅಂದರೆ ಲೆತಿಯೇರ್ ಚಿತ್ರಿಸಿದ್ದು ನಡೆದದ್ದನ್ನಲ್ಲ, ನಡೆಯಬೇಕಾಗಿದ್ದನ್ನು. ವರ್ಣಭೇದದಿಂದ ಒಡೆದಿದ್ದ ಎಳೆಯ ದೇಶಕ್ಕೆ ದೂರದಿಂದ ಕಳುಹಿಸಿದ ವಿನಂತಿ ಅದು. ಫ್ರಾನ್ಸ್ ಇನ್ನೂ ಹೈಟಿಗೆ ಮಾನ್ಯತೆ ನೀಡಿರಲಿಲ್ಲವಾದ್ದರಿಂದ ಚಿತ್ರವನ್ನು ಗುಟ್ಟಾಗಿ ಸಾಗಿಸಬೇಕಾಯಿತು. 1823ರಲ್ಲಿ ಅದು ಆತನ ಮಗನ ಮೂಲಕ ಹೈಟಿ ತಲುಪಿತು.

ಮಾನ್ಯತೆಯೂ ಬಂತು, ಎರಡು ವರ್ಷಗಳ ತರುವಾಯ. ಆದರೆ ಅದರೊಂದಿಗೆ ಬೆಲೆಚೀಟಿಯಿತ್ತು. 1825ರಲ್ಲಿ ಹತ್ತನೆಯ ಚಾರ್ಲ್ಸ್ ದೊರೆಯ ಆಜ್ಞೆಯನ್ನು ಹೊತ್ತು ಯುದ್ಧನೌಕೆಗಳು ಪೋರ್ಟ್-ಔ-ಪ್ರಿನ್ಸ್ ಬಂದರಿಗೆ ಬಂದವು. ಆಸ್ತಿ ಕಳೆದುಕೊಂಡ ಹಳೆಯ ಒಡೆಯರಿಗೆ ಹೈಟಿ 15 ಕೋಟಿ ಫ್ರಾಂಕ್ ಪರಿಹಾರ ಕೊಡಬೇಕು, ಫ್ರೆಂಚ್ ವ್ಯಾಪಾರಕ್ಕೆ ಸುಂಕ ಅರ್ಧಕ್ಕಿಳಿಸಬೇಕು ಎಂಬುದು ಷರತ್ತು. ಆ 'ಆಸ್ತಿ'ಯಲ್ಲಿ ತೋಟ, ಗಾಣಗಳಷ್ಟೇ ಅಲ್ಲ, ಮನುಷ್ಯರೂ ಸೇರಿದ್ದರು. ಹೋಲಿಕೆಗೆ ಹೇಳುವುದಾದರೆ, 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ವಿಶಾಲ ಲೂಸಿಯಾನ ಪ್ರದೇಶವನ್ನು ಕೊಂಡದ್ದು ಸುಮಾರು 8 ಕೋಟಿ ಫ್ರಾಂಕ್‌ಗೆ.

ವೃತ್ತಿಜೀವನವಿಡೀ ಆಯವ್ಯಯದ ಕಡತಗಳನ್ನು ತಿರುವಿದ ನನ್ನಂಥವನನ್ನು ತಡೆದು ನಿಲ್ಲಿಸುವುದು ಮೊದಲ ಕಂತಿನ ಲೆಕ್ಕ. ಹೈಟಿಯ ಬೊಕ್ಕಸದಲ್ಲಿ ಹಣವಿರಲಿಲ್ಲ. ಪ್ಯಾರಿಸ್ಸಿನಲ್ಲೇ 3 ಕೋಟಿ ಫ್ರಾಂಕ್ ಸಾಲ ಎತ್ತಲಾಯಿತು. ಕೈಗೆ ಬಂದದ್ದು 2.4 ಕೋಟಿ, ಬಡ್ಡಿ ಮಾತ್ರ ಪೂರ್ತಿ 3 ಕೋಟಿಗೆ. ಪರಿಹಾರವನ್ನು ಕೇಳಿದವರೂ ಅಲ್ಲಿಯವರೇ, ಅದನ್ನು ತೀರಿಸಲು ಸಾಲ ಕೊಟ್ಟವರೂ ಅಲ್ಲಿಯವರೇ. ಇದನ್ನು 'ಜೋಡಿ ಸಾಲ' ಎಂದು ಇತಿಹಾಸಕಾರರು ಕರೆಯುತ್ತಾರೆ. 1838ರಲ್ಲಿ ಪರಿಹಾರದ ಮೊತ್ತ 9 ಕೋಟಿಗೆ ಇಳಿಯಿತು. ಇದಕ್ಕೆ ಸಂಬಂಧಿಸಿದ ಸಾಲಗಳ ಬಾಲ ಕತ್ತರಿಸಲು ಮಾತ್ರ 1947 ಬರಬೇಕಾಯಿತು. ತೆರಿಗೆಯ ಭಾರ ಬಿದ್ದದ್ದು ಕಾಫಿ ಬೆಳೆಯುವ ಸಣ್ಣ ರೈತರ ಮೇಲೆ, ಎಂದರೆ ಬಿಡುಗಡೆಗೊಂಡ ಗುಲಾಮರ ಮತ್ತು ಅವರ ಮಕ್ಕಳು ಮೊಮ್ಮಕ್ಕಳ ಮೇಲೆ. ಹೈಟಿಯ ಬಡತನಕ್ಕೆ ಅಲ್ಲಿನ ಸರ್ವಾಧಿಕಾರಿಗಳೂ ಹೊಣೆ, ನಿಜ. ಆದರೆ ಶಾಲೆ, ರಸ್ತೆಗಳಿಗೆ ಸಲ್ಲಬೇಕಾದ ಹಣ ಹಡಗು ಹತ್ತಿದ್ದನ್ನು ಬಿಟ್ಟು ಆ ಬಡತನವನ್ನು ವಿವರಿಸುವುದು ಅಪ್ರಾಮಾಣಿಕ.

ಚಿತ್ರದ ಪಾಡೂ ದೇಶದ ಪಾಡಿನಂತೆಯೇ ಆಯಿತು. ರಾಜಧಾನಿಯ ಇಗರ್ಜಿಯಲ್ಲಿ ಮರೆತುಹೋಗಿದ್ದ ಅದು 1991ರಲ್ಲಿ ಶಿಥಿಲಾವಸ್ಥೆಯಲ್ಲಿ ಪತ್ತೆಯಾಯಿತು. ಫ್ರಾನ್ಸಿನಲ್ಲಿ ದುರಸ್ತಿಗೊಂಡು 1998ರಲ್ಲಿ ಹೈಟಿಗೆ ಮರಳಿ ರಾಷ್ಟ್ರೀಯ ಅರಮನೆ ಸೇರಿತು. 2010ರ ಜನವರಿ 12ರ ಭೂಕಂಪದಲ್ಲಿ ಆ ಅರಮನೆಯೇ ಕುಸಿದಾಗ ಅವಶೇಷಗಳಡಿಯಿಂದ ಅದನ್ನು ಹೊರತೆಗೆಯಬೇಕಾಯಿತು. 2024ರ ಕೊನೆಯಲ್ಲಿ ಲೂವ್ರ್ ಸಂಗ್ರಹಾಲಯ ಲೆತಿಯೇರನ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಈ ಚಿತ್ರ ಮಾತ್ರ ಹೈಟಿಯ ಅರಾಜಕತೆಯಿಂದಾಗಿ ಅಲ್ಲಿಗೆ ತಲುಪಲಿಲ್ಲ.

ಪರಿಹಾರದ ಹಣವನ್ನು ಹಿಂದಿರುಗಿಸಿ ಎಂದು 2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟಿಡ್ ಕೇಳಿದ್ದರು, ಫ್ರಾನ್ಸ್ ತಳ್ಳಿಹಾಕಿತ್ತು. ರಾಜಾಜ್ಞೆಗೆ ಇನ್ನೂರು ವರ್ಷ ತುಂಬಿದ ದಿನ, 2025ರ ಏಪ್ರಿಲ್ 17ರಂದು, ಅಧ್ಯಕ್ಷ ಮ್ಯಾಕ್ರಾನ್ ಈ ಸಾಲದ ಪರಿಣಾಮವನ್ನು ಪರಿಶೀಲಿಸಲು ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗವನ್ನು ಘೋಷಿಸಿದರು. ಹಣ ಮರಳಿಸುವ ಮಾತು ಆ ಘೋಷಣೆಯಲ್ಲಿರಲಿಲ್ಲ.