ಸಿಪ್ಯಾನ್ ಟೆಸ್ಟರ್ಸ್

ಸಿಪ್ಯಾನ್ ಟೆಸ್ಟರ್ಸ್ ಎಂಬುದು ಪರ್ಲ್ ಪ್ರೋಗ್ರಾಮಿಂಗ್ ಭಾಷೆಯ ಮುಕ್ತ ತಂತ್ರಾಂಶ ಪ್ಯಾಕೇಜುಗಳನ್ನು ವಿವಿಧ ಗಣಕಯಂತ್ರಗಳಲ್ಲಿ ನಿರ್ಮಿಸಿ, ಪರೀಕ್ಷಿಸಿ, ಫಲಿತಾಂಶವನ್ನು ಸಾರ್ವಜನಿಕವಾಗಿ ದಾಖಲಿಸುವ ಸ್ವಯಂಸೇವಕರ ಯೋಜನೆಯಾಗಿದೆ. ಪರ್ಲ್ ಪ್ಯಾಕೇಜುಗಳ ಭಂಡಾರವಾದ ಸಿಪ್ಯಾನ್ 1995ರಲ್ಲಿ ಆರಂಭವಾಯಿತು. ಈ ಪರೀಕ್ಷಾ ಯೋಜನೆಯನ್ನು 1998ರಲ್ಲಿ ಗ್ರಹಾಂ ಬಾರ್ ಮತ್ತು ಕ್ರಿಸ್ ನ್ಯಾಂಡರ್ ರೂಪಿಸಿದರು.

ಅಗತ್ಯ

ಪ್ಯಾಕೇಜಿನ ಕರ್ತೃವು ಸಾಮಾನ್ಯವಾಗಿ ತನ್ನ ಬಳಿಯಿರುವ ಒಂದೆರಡು ಯಂತ್ರಗಳಲ್ಲಿ ಮಾತ್ರ ಅದನ್ನು ಪರೀಕ್ಷಿಸಬಲ್ಲನು. ಬಳಕೆದಾರರಲ್ಲಿಯಾದರೋ ಬೇರೆ ಕಾರ್ಯಾಚರಣಾ ವ್ಯವಸ್ಥೆ, ಬೇರೆ ಪ್ರೊಸೆಸರ್, ಹಳೆಯ ಪರ್ಲ್ ಆವೃತ್ತಿ ಇರಬಹುದು. ಕನ್ನಡ ಲಿಪಿಯಿಂದಲೇ ಒಂದು ಉದಾಹರಣೆಯನ್ನು ನೋಡಬಹುದು. ಶಾಸನಗಳ ಆರಂಭದಲ್ಲಿ ಕಾಣುವ ‘ಸಿದ್ಧಂ’ ಚಿಹ್ನೆಯು ಯೂನಿಕೋಡಿನ ಕನ್ನಡ ವಿಭಾಗಕ್ಕೆ ಸೇರಿದ್ದು 2018ರಲ್ಲಿ, 11.0 ಆವೃತ್ತಿಯಲ್ಲಿ. ಪರ್ಲ್ 5.28 ಬಳಸುವುದು ಯೂನಿಕೋಡ್ 10.0ರ ಕೋಷ್ಟಕಗಳನ್ನು; ಪರ್ಲ್ 5.30 ಬಳಸುವುದು 12.1ರದನ್ನು. ಆದುದರಿಂದ ಈ ಚಿಹ್ನೆಯನ್ನು ಕನ್ನಡ ಅಕ್ಷರವೆಂದು ಗುರುತಿಸುವ ಪರೀಕ್ಷೆಯೊಂದು ಪರ್ಲ್ 5.30ರಲ್ಲಿ ತೇರ್ಗಡೆಯಾಗಿ, 5.28ರಲ್ಲಿ ಸೋಲುತ್ತದೆ. ಹೊಸ ಆವೃತ್ತಿಯನ್ನು ಮಾತ್ರ ಇಟ್ಟುಕೊಂಡ ಕರ್ತೃವಿಗೆ ಇದು ತಾನಾಗಿ ತಿಳಿಯುವ ಸಂಭವವಿಲ್ಲ.

ಕಾರ್ಯವಿಧಾನ

ಹೊಸ ಪ್ಯಾಕೇಜು ಭಂಡಾರಕ್ಕೆ ಬಂದೊಡನೆ ಸ್ವಯಂಸೇವಕರ ಯಂತ್ರಗಳು ಅದನ್ನು ಇಳಿಸಿಕೊಂಡು, ನಿರ್ಮಿಸಿ, ಅದರೊಳಗಿನ ಪರೀಕ್ಷೆಗಳನ್ನು ನಡೆಸುತ್ತವೆ. ಹಗಲಿರುಳು ಈ ಕೆಲಸವನ್ನು ಮಾಡುವ ಸ್ವಯಂಚಾಲಿತ ಯಂತ್ರಗಳಿಗೆ ‘ಸ್ಮೋಕರ್’ ಎಂಬ ಹೆಸರಿದೆ. ಸಾಮಾನ್ಯ ಬಳಕೆದಾರನೂ ಪ್ಯಾಕೇಜನ್ನು ಸ್ಥಾಪಿಸುವಾಗ ವರದಿ ಕಳುಹಿಸಬಹುದು. ಮೊದಲಿಗೆ ವರದಿಗಳು ಮಿಂಚಂಚೆಯಲ್ಲಿ ಹೋಗುತ್ತಿದ್ದವು. 2010ರಲ್ಲಿ ಮೆಟಾಬೇಸ್ ಎಂಬ ವ್ಯವಸ್ಥೆ ಬಂದು ಆ ಪದ್ಧತಿ ಕೊನೆಗೊಂಡಿತು. ಈವರೆಗೆ ಸಂಗ್ರಹವಾದ ವರದಿಗಳು 1 ಕೋಟಿಯನ್ನು ಮೀರಿವೆ.

ವರದಿಯಲ್ಲಿ ಪರ್ಲ್ ಆವೃತ್ತಿ, ಕಾರ್ಯಾಚರಣಾ ವ್ಯವಸ್ಥೆ, ಅವಲಂಬಿತ ಪ್ಯಾಕೇಜುಗಳ ಆವೃತ್ತಿಗಳು ಮತ್ತು ಪರೀಕ್ಷೆಯ ಪೂರ್ಣ ಹೊರಹರಿವು ಇರುತ್ತವೆ. ಪ್ರತಿ ವರದಿಗೂ ನಾಲ್ಕರಲ್ಲಿ ಒಂದು ಶ್ರೇಣಿ ದೊರೆಯುತ್ತದೆ. ‘ಪಾಸ್’ ಮತ್ತು ‘ಫೇಲ್’ಗಳ ಅರ್ಥ ಸ್ಪಷ್ಟ. ‘ಎನ್‌ಎ’ ಎಂದರೆ ಆ ಪರ್ಲ್ ಆವೃತ್ತಿಗೆ ಅಥವಾ ವ್ಯವಸ್ಥೆಗೆ ಪ್ಯಾಕೇಜು ಉದ್ದೇಶಿತವಲ್ಲ ಎಂದರ್ಥ, ಇದು ಸೋಲಲ್ಲ. ಪ್ಯಾಕೇಜಿನಲ್ಲಿ ಪರೀಕ್ಷೆಗಳೇ ಇಲ್ಲದಿರುವಂತಹ ಸಂದರ್ಭಗಳಲ್ಲಿ ‘ಅನ್‌ನೋನ್’ ಎಂದು ದಾಖಲಾಗುತ್ತದೆ.

ಮಿತಿಗಳು

‘ಫೇಲ್’ ವರದಿಯೆಲ್ಲವೂ ಕರ್ತೃವಿನ ತಪ್ಪನ್ನೇ ಸೂಚಿಸುವುದಿಲ್ಲ. ಪರೀಕ್ಷಕನ ಯಂತ್ರದಲ್ಲಿ ಡಿಸ್ಕ್ ತುಂಬಿರಬಹುದು, ಜಾಲಸಂಪರ್ಕ ಕಡಿತವಾಗಿರಬಹುದು, ಸಂರಚನೆ ಕೆಟ್ಟಿರಬಹುದು. ಸರಿಯಾಗಿ ಹೊಂದಿಸದ ಒಂದೇ ಸ್ಮೋಕರ್ ನೂರಾರು ಪ್ಯಾಕೇಜುಗಳ ಮೇಲೆ ಸುಳ್ಳು ಸೋಲನ್ನು ಹೊರಿಸಬಲ್ಲದು. ಹೀಗಾಗಿ ಬಿಡಿ ವರದಿಗಿಂತ ವರದಿಗಳ ಮಾದರಿಯೇ ಮುಖ್ಯ. ಪರ್ಲ್ ಆವೃತ್ತಿಗಳನ್ನೂ ಕಾರ್ಯಾಚರಣಾ ವ್ಯವಸ್ಥೆಗಳನ್ನೂ ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸಿದ ಕೋಷ್ಟಕದಲ್ಲಿ ಒಂದು ಇಡೀ ಸಾಲು ಸೋತಿದ್ದರೆ ದೋಷ ಎಲ್ಲಿರಬಹುದೆಂದು ಸುಲಭವಾಗಿ ಊಹಿಸಬಹುದು.

ಪರೀಕ್ಷಕನಿಗೂ ಅಪಾಯವಿದೆ. ಅಪರಿಚಿತರು ಬರೆದ ಸಂಕೇತವು ಅವನ ಯಂತ್ರದಲ್ಲಿ ನೇರವಾಗಿ ಚಲಿಸುತ್ತದೆ. ಆದುದರಿಂದ ಈ ಕೆಲಸಕ್ಕೆ ಪ್ರತ್ಯೇಕ ಬಳಕೆದಾರ ಖಾತೆ ಅಥವಾ ವರ್ಚುವಲ್ ಯಂತ್ರವನ್ನು ಬಳಸುವುದು ಸೂಕ್ತ.

ಹೋಲುವ ಯೋಜನೆಗಳು

ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯದ ಬಿಲ್ಡ್ ಫಾರ್ಮ್ ಕೂಡ ಸ್ವಯಂಸೇವಕರ ಯಂತ್ರಗಳನ್ನು ಆಧರಿಸಿದೆ. ಅಲ್ಲಿ ಪ್ರತಿ ಯಂತ್ರಕ್ಕೂ ಒಂದು ಪ್ರಾಣಿಯ ಹೆಸರಿಡುವ ರೂಢಿಯಿದೆ. ಗಿಟ್‌ಹಬ್ ಆಕ್ಷನ್ಸ್‌ನಂತಹ ಸೇವೆಗಳಲ್ಲಿ ಯಾವ ಪರಿಸರದಲ್ಲಿ ಪರೀಕ್ಷೆ ನಡೆಯಬೇಕೆಂಬುದನ್ನು ಕರ್ತೃವೇ ಆರಿಸುತ್ತಾನೆ. ಸಿಪ್ಯಾನ್ ಟೆಸ್ಟರ್ಸ್‌ನಲ್ಲಿ ಆ ಆಯ್ಕೆ ಅವನ ಕೈಯಲ್ಲಿಲ್ಲ.